ಪಕ್ಕದ ಲೇನಿನ ಗೂಟಗಳು

"ಗುರುಗಳೇ, ಪುಸ್ತಕ ಓದಿದ್ರೆ ವಿದ್ಯೆ ಬರುತ್ತಾ?"

ಕೇಳಿದವನು ಪಂಚಾಕ್ಷರಿ. ಮಠದಲ್ಲಿ ಪ್ರವಚನ ಹೇಳೋದು ಕಲಿಯಲು ಬಂದ ಇಬ್ಬರು ಶಿಷ್ಯರಲ್ಲಿ ಒಬ್ಬ. ಇನ್ನೊಬ್ಬ ಮುರಿಗೆಪ್ಪ. ಪಂಚಾಕ್ಷರಿ ಮಠದ ಕಪಾಟಿನ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದ. ದನಿ ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು, ಕೈ ಯಾವಾಗ ಎತ್ತಬೇಕು ಎಲ್ಲ ಅವನಿಗೆ ಗೊತ್ತಿತ್ತು. ಮುರಿಗೆಪ್ಪ ಪುಸ್ತಕ ಹಿಡಿದರೆ ನಿದ್ದೆ ಹೋಗ್ತಿದ್ದ. ಆದರೆ ಸೋಮವಾರ ಸಂಜೆ ಪಂಚಾಕ್ಷರಿ ಪ್ರವಚನ ಶುರು ಮಾಡಿದರೆ ಜನ ಒಬ್ಬೊಬ್ಬರೇ ಎದ್ದು, ಚಪ್ಪಲಿ ಇದೆಯೋ ಇಲ್ಲವೋ ಅಂತ ನೋಡೋಕೆ ಹೋಗ್ತಿದ್ರು. ಮುರಿಗೆಪ್ಪ ಶುರು ಮಾಡಿದರೆ ಚಪ್ಪಲಿ ಕಳಕೊಂಡವರೂ ಏಳ್ತಿರಲಿಲ್ಲ.

"ಯಾಕೆ ಕೇಳ್ತಿದೀಯ?" ಅಂದರು ಗುರುಗಳು.

"ಸುಮ್ಮನೆ, ಗುರುಗಳೇ."

ಕಿಟಕಿಯಾಚೆ ಅಂಗಳದಲ್ಲಿ ಮುರಿಗೆಪ್ಪ ಮಠದ ಪಂಚೆಗಳನ್ನು ಒಗೆದು ಹಗ್ಗಕ್ಕೆ ಹಾಕ್ತಿದ್ದ. ಜೊತೆಗೆ ಹಾಡು ಬೇರೆ.

"ಕಪಾಟಿನ ಕೆಳಗಿನ ಖಾನೆಯಲ್ಲಿ ಬೌಲಿಂಗ್ ಬಗ್ಗೆ ಮೂರು ಇಂಗ್ಲಿಷ್ ಪುಸ್ತಕ ಇವೆ. ನೋಡಿದೀಯಾ?"

"ಓದಿದೀನಿ. ಕ್ರಿಕೆಟ್ಟು ಅಂತ ತೆಗೆದೆ. ಅದು ಬೇರೆ ಏನೋ ಇತ್ತು. ಆದ್ರೂ ಪೂರ್ತಿ ಓದಿದೆ. ಒಂದಕ್ಕೆ ಬ್ರೌನ್ ಪೇಪರ್ ಹಾಕಿ ಮೇಲೆ 'ಜಿಎಸ್‌ಟಿ ನಿಯಮಗಳು' ಅಂತ ಬರೆದಿದ್ರು."

"ಅವು ಇಲ್ಲಿಗೆ ಹೇಗೆ ಬಂದವು ಅಂತ ಹೇಳ್ತೀನಿ. ಕೂತ್ಕೋ."

ಪಂಚಾಕ್ಷರಿ ಕೂತ. ಗುರುಗಳು ಹೇಳಿದರು.

ಒಂದೂರಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನಿಗೊಬ್ಬ ಷಡ್ಡಕ ಇದ್ದ. ಹೆಂಡತಿಯ ತಂಗಿಯ ಗಂಡ. ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ. ಇಬ್ಬರಿಗೂ ಸೇರಿ ಒಬ್ಬನೇ ಮಾವ.

ಮಾವ ನಿವೃತ್ತ ಸರ್ವೇಯರ್. ಕಾಲವೆಲ್ಲ ಜನರ ಹೊಲ ಅಳೆದು ಗಡಿಕಲ್ಲು ನೆಡಿಸಿದವನು. ಲೋಕದಲ್ಲಿ ಅವನಿಗೆ ಇಷ್ಟವಾಗ್ತಿದ್ದದ್ದು ಒಂದೇ, ನೇರವಾದ ಗೆರೆ. ದೋಸೆ ಸೊಟ್ಟಗಿದ್ದರೂ ಸರಿಮಾಡಿ ತಿನ್ನೋನು.

ಅವನ ಹಜಾರದಲ್ಲಿ ಒಂದು ತೂಗುಮಂಚ ಇತ್ತು. ಇಬ್ಬರು ಕೂರಬಹುದು. ಒಂದು ಜಾಗ ಮಾವನದು. ಇನ್ನೊಂದು ಹಿರಿ ಅಳಿಯನದು, ಅಂದರೆ ವ್ಯಾಪಾರಿಯದು. ಹಬ್ಬಕ್ಕೆ ಹೋದಾಗಲೆಲ್ಲ ಅವನು ಅಲ್ಲಿ ಕೂತು, ಮಾವನ ಜೊತೆ ತೂಗುತ್ತಾ ಕಾಫಿ ಕುಡೀತಿದ್ದ. ಷಡ್ಡಕ ಎದುರಿಗೆ ಪ್ಲಾಸ್ಟಿಕ್ ಕುರ್ಚಿ ಮೇಲೆ. ಆ ಕುರ್ಚಿ ಎದುರಿಗೇ ಇದ್ದದ್ದರಿಂದ ವ್ಯಾಪಾರಿಗೆ ಕಾಫಿ ಇನ್ನೂ ರುಚಿಯಾಗ್ತಿತ್ತು.

ಒಂದು ಸಲ ಮಾವನ ಹುಟ್ಟುಹಬ್ಬ ಬಂತು. ಹೋಮ, ಊಟ ಎಲ್ಲ ಮುಗಿದ ಮೇಲೆ ಮೊಮ್ಮಕ್ಕಳು ಹಟ ಹಿಡಿದು ಮನೆಮಂದಿಯನ್ನೆಲ್ಲ ಪೇಟೆಯ ಮಾಲ್‌ಗೆ ಕರಕೊಂಡು ಹೋದರು. ಮೇಲಿನ ಮಹಡಿಯಲ್ಲಿ ಬೌಲಿಂಗ್ ಆಡೋ ಜಾಗ. ನೀನು ಓದಿದೀಯ, ನಿನಗೆ ಗೊತ್ತು. ಉದ್ದಕ್ಕೆ ನುಣ್ಣನೆ ಮರದ ಹಾಸು. ಅದಕ್ಕೆ ಲೇನು ಅಂತಾರೆ. ಆ ತುದಿಯಲ್ಲಿ ಬಾಟಲಿ ಆಕಾರದ ಹತ್ತು ಗೂಟ. ಈ ತುದಿಯಿಂದ ಮೂರು ತೂತಿನ ಭಾರದ ಚೆಂಡು ಉರುಳಿಸಿ ಬೀಳಿಸಬೇಕು. ಎರಡೂ ಪಕ್ಕ ಚರಂಡಿ. ಚರಂಡಿ ಆಚೆ ಇನ್ನೊಬ್ಬರ ಲೇನು.

ಅಲ್ಲಿ ಯಾರೋ ಉರುಳಿಸಿದ ಚೆಂಡು ನಡುವಿನಲ್ಲೇ ನೆಟ್ಟಗೆ ಹೋಗೋದನ್ನ ಮಾವ ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡ.

"ಎಂಥಾ ಲೈನು," ಅಂದ. "ಸರಪಳಿ ಹಿಡಿದು ಅಳೆದ ಹಾಗಿದೆ."

ಹಿರಿ ಅಳಿಯ ಅಂತ ಚೆಂಡು ಮೊದಲು ವ್ಯಾಪಾರಿಗೆ ಕೊಟ್ಟರು. ಅವನ ಬೆರಳು ದಪ್ಪ. ತೂತಿಗೆ ಹೋದದ್ದು ಹೊರಗೆ ಬರಲಿಲ್ಲ. ಚೆಂಡು ಬೀಸಿದ. ಚೆಂಡು ಮುಂದಕ್ಕೆ ಹೋಯಿತು, ಅದರ ಹಿಂದೆ ಅವನೂ ಹೋದ. ಲೇನಿನ ಮೇಲೆ ಸ್ವಲ್ಪ ದೂರ ಹೊಟ್ಟೆ ಮೇಲೆ ಜಾರಿ ನಿಂತ. ಚೆಂಡು ಆಗ ಬೆರಳು ಬಿಟ್ಟು, ನಿಧಾನಕ್ಕೆ, ಯೋಚನೆ ಮಾಡಿದ ಹಾಗೆ ಚರಂಡಿಗಿಳಿಯಿತು.

ಆಮೇಲೆ ಷಡ್ಡಕ ಬಂದ. ಅವನೂ ಜನ್ಮದಲ್ಲಿ ಆ ಚೆಂಡು ಹಿಡಿದವನಲ್ಲ. ಮದುವೆ ಮನೆಯಲ್ಲಿ ಫೋಟೋ ತೆಗೆಯೋ ಹಾಗೆ ಸ್ವಲ್ಪ ಬಗ್ಗಿದ, ಒಂದು ಕಣ್ಣು ಮುಚ್ಚಿದ, ಉರುಳಿಸಿದ. ಹತ್ತಕ್ಕೆ ಹತ್ತೂ ಬಿದ್ದವು.

"ಬಿತ್ತಲ್ಲ," ಅಂದ ಷಡ್ಡಕ. ತಪ್ಪಾಯ್ತೇನೋ ಅನ್ನೋ ಹಾಗೆ ಎಲ್ಲರ ಮುಖ ನೋಡಿದ.

ಮನೆಗೆ ಬಂದ ಮೇಲೆ ಮಾವ ತೂಗುಮಂಚದ ಪಕ್ಕದ ಜಾಗ ತಟ್ಟಿ ಷಡ್ಡಕನನ್ನ ಕರೆದ. "ಬಾರಪ್ಪ, ಇಲ್ಲಿ ಕೂತ್ಕೋ. ಆ ಗೆರೆ ಹೇಗೆ ಹಿಡಿದೆ ಹೇಳು."

ವ್ಯಾಪಾರಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತ. ಅದರ ಒಂದು ಕಾಲು ಗಿಡ್ಡ ಅಂತ ಅವನಿಗೆ ಅವತ್ತೇ ಗೊತ್ತಾಗಿದ್ದು. ಕಾಫಿ ಬಂತು. ಅದೇ ಅತ್ತೆ, ಅದೇ ಕಾಫಿ. ಕಹಿಯಾಗಿತ್ತು. ಅವನು ತೂಗುಮಂಚದ ಮೇಲಿನ ಜಾಗವನ್ನೇ ನೋಡ್ತಾ ಕೂತ. ಜಾಗ ನೋಡಿದ, ಕೂತವನ ಮುಖ ನೋಡಲಿಲ್ಲ.

"ದೀಪಾವಳಿಗೆ ಇನ್ನೊಂದು ಸಲ ಹೋಗೋಣ," ಅಂದ ಮಾವ. "ಅಳಿಯಂದಿರ ಹಬ್ಬ ಅಲ್ವಾ. ಯಾರ ಗೆರೆ ನೇರ ಇದೆ ನೋಡೋಣ. ಗೆದ್ದವನಿಗೆ ಈ ಜಾಗ."

ಎಲ್ಲರೂ ನಕ್ಕರು. ವ್ಯಾಪಾರಿಯೂ ನಕ್ಕ. ಮನೆಗೆ ಹೋಗೋ ದಾರಿಯಲ್ಲಿ ಹೆಂಡತಿಯ ಹತ್ತಿರ ಮಾತಾಡಲಿಲ್ಲ. ಅವಳೇ ತಂಗಿಯನ್ನ ಹೆತ್ತವಳು ಅನ್ನೋ ಹಾಗೆ.

ಮಾರನೇ ದಿನ ಪುಸ್ತಕದಂಗಡಿಗೆ ಹೋದ. ಅಂಗಡಿಯವನು ಬೌಲಿಂಗ್ ಕಲಿಸೋ ಪುಸ್ತಕ ಹುಡುಕಿ ತೆಗೆದ.

"ಬ್ರೌನ್ ಪೇಪರ್ ಹಾಕಿಕೊಡಿ," ಅಂದ ವ್ಯಾಪಾರಿ.

"ಒಮ್ಮೆ ನೋಡಿ ಸಾರ್, ಮುಖಪುಟ ಚೆನ್ನಾಗಿದೆ."

"ಮುಖಪುಟ ನಾನು ನೋಡೋದು ಬೇಡ, ಬೇರೆಯವರೂ ನೋಡೋದು ಬೇಡ."

ಷಡ್ಡಕನ ಕಣ್ಣಿಗೆ ಬಿದ್ದರೆ ಅವನೂ ಒಂದು ತಗೊಂಡುಬಿಟ್ಟಾನು ಅನ್ನೋ ಭಯ. ಮನೆಗೆ ಬಂದು ಅದರ ಮೇಲೆ ಜಿಎಸ್‌ಟಿ ನಿಯಮಗಳು ಅಂತ ಚೀಟಿ ಅಂಟಿಸಿದ. ಆಮೇಲೆ ಮನೆಯಲ್ಲಿ ಯಾರೂ ಅದರ ಹತ್ತಿರ ಸುಳಿಯಲಿಲ್ಲ.

ಅವನ ಇಂಗ್ಲಿಷು ಅಷ್ಟಕ್ಕಷ್ಟೇ. ಚಿತ್ರ ನೋಡಿಕೊಂಡು ಕಲಿತ. ಗೋದಾಮಿನಲ್ಲಿ ಸ್ಟೀಲ್ ಲೋಟಗಳನ್ನ ಗೂಟದ ಹಾಗೆ ನಿಲ್ಲಿಸಿದ. ಚೆಂಡಿನ ಬದಲು ಕುಂಬಳಕಾಯಿಗೆ ಮೂರು ತೂತು ಕೊರೆದ. ಹೆಜ್ಜೆ ಹಾಕಿದ, ಬೀಸಿದ. ಕುಂಬಳಕಾಯಿ ಲೋಟಗಳ ಹತ್ತಿರ ಹೋಗಲಿಲ್ಲ, ಕೊಪ್ಪರಿಗೆಗಳ ಸಾಲಿಗೆ ಹೋಯಿತು. ಆ ಸದ್ದಿಗೆ ಬೀದಿಯ ಜನ ರಿಯಾಯಿತಿ ಮಾರಾಟ ಶುರುವಾಯ್ತು ಅಂತ ಒಳಗೆ ನುಗ್ಗಿದರು. ಮನೆಯಲ್ಲಿ ಎರಡು ದಿನ ಕುಂಬಳಕಾಯಿ ಹುಳಿ. ಹೋಳುಗಳಲ್ಲಿ ತೂತು ಯಾಕಿದೆ ಅಂತ ಹೆಂಡತಿ ಕೇಳಿದಳು. ಹುಳ ಇರಬೇಕು ಅಂದ.

ಹೀಗೇ ಕೆಲವು ವಾರ ಮಾಡಿದ. ಎಷ್ಟು ಮಾಡಿದರೂ ಮೈ ತಿರುಚಿಕೊಳ್ತಿತ್ತೇ ಹೊರತು ಕಾಯಿ ಲೋಟದ ಕಡೆ ತಿರುಗ್ತಿರಲಿಲ್ಲ. ಕೊನೆಗೆ ಮಗಳನ್ನ ಕೂರಿಸಿಕೊಂಡು ಪುಸ್ತಕ ಕೊಟ್ಟ. ಅವಳು ಒಂದು ಪುಟ ಓದಿದಳು, ಬ್ರೌನ್ ಪೇಪರ್ ಬಿಚ್ಚಿ ಮುಖಪುಟ ನೋಡಿದಳು.

"ಅಪ್ಪ, ಇದು ಎಡಗೈ ಆಟಗಾರರಿಗೆ ಬರೆದಿರೋ ಪುಸ್ತಕ. ದೊಡ್ಡದಾಗಿ ಮೇಲೇ ಹಾಕಿದಾರೆ."

ವ್ಯಾಪಾರಿ ತನ್ನ ಬಲಗೈ ನೋಡಿಕೊಂಡ. "ಮುಚ್ಚಿಬಿಡು," ಅಂದ.

ಇನ್ನೂ ಎರಡು ಪುಸ್ತಕ ತರಿಸಿದ. ಈ ಸಲ ಮಗಳೇ ಓದಿ ಹೇಳಿದಳು. ಮೊಣಕೈ ಹೀಗೆ, ಭುಜ ಹಾಗೆ, ಕೊನೇ ಹೆಜ್ಜೆ ಜಾರಿಸಬೇಕು. ಮೂರನೇ ಪುಸ್ತಕದಲ್ಲಿ ಒಂದು ಮಾತಿತ್ತು. ಅವಳು ಅದನ್ನ ಮನೆಮಾತಿನಲ್ಲೇ ಹೇಳಿದಳು: "ಎಲ್ಲಿ ಕಣ್ಣು ಹಾಕ್ತೀಯೋ, ಚೆಂಡು ಅಲ್ಲಿಗೇ ಹೋಗುತ್ತೆ. ಅಷ್ಟೇ ಅಂತೆ ಅಪ್ಪ. ಮಿಕ್ಕಿದ್ದೆಲ್ಲ ಇದಕ್ಕೇ ಅಂತೆ."

ಅವನು ಕೆಂಪು ಪೆನ್ನು ತಗೊಂಡು ಆ ಸಾಲಿನ ಕೆಳಗೆ ಗೆರೆ ಎಳೆದ.

ವಾರದ ದಿನಗಳಲ್ಲಿ, ಮಧ್ಯಾಹ್ನ ಅಂಗಡಿಗೆ ಗಿರಾಕಿ ಇಲ್ಲದಾಗ, ಮಾಲ್‌ಗೆ ಹೋಗಿ ಒಬ್ಬನೇ ಆಡೋಕೆ ಶುರುಮಾಡಿದ. ಈಗ ಕೇಳು ಪಂಚಾಕ್ಷರಿ, ನೀನು ಕೇಳಿದ ಪ್ರಶ್ನೆಗೆ ಸಂಬಂಧಪಟ್ಟ ವಿಷಯ ಇದು. ಅವನಿಗೆ ವಿದ್ಯೆ ಬಂತು. ನಿಜವಾಗಲೂ ಬಂತು. ತನ್ನ ಲೇನಿನ ನಡುವೆ ಕಣ್ಣಿಟ್ಟ, ಚೆಂಡು ನಡುವೆ ಹೋಯಿತು. ಗೂಟ ಬಿದ್ದವು. ಅಲ್ಲಿ ಬೂಟು ಕೊಡೋ ಹೆಂಗಸು ಕೂಡ, "ಸಾರ್, ಈಗ ನೀವು ಹೊಟ್ಟೆ ಮೇಲೆ ಹೋಗೋದು ಬಿಟ್ಟಿದೀರ," ಅಂತ ಮೆಚ್ಚಿಕೊಂಡಳು.

ಆದರೆ ಆ ಖುಷಿ ಮನೆ ತನಕ ಉಳೀತಿರಲಿಲ್ಲ. ದಾರಿಯಲ್ಲಿ ಷಡ್ಡಕನ ಸ್ಟುಡಿಯೋ. ಬಾಗಿಲು ಹಾಕಿದ್ದರೆ, ಇವನೂ ಎಲ್ಲೋ ಆಡೋಕೆ ಹೋಗಿದಾನೆ ಅನ್ನಿಸ್ತಿತ್ತು. ತೆರೆದಿದ್ದರೆ, ಆಡೋದು ಬೇಕಿಲ್ಲದಷ್ಟು ಚೆನ್ನಾಗಿ ಬರುತ್ತಲ್ಲ ಇವನಿಗೆ ಅನ್ನಿಸ್ತಿತ್ತು. ಮಗಳಿಂದ ವಿಷಯ ಗೊತ್ತಾಗಿದ್ದ ಹೆಂಡತಿ ಕೇಳೋಳು, "ಇವತ್ತು ಎಷ್ಟು ಗೂಟ ಬೀಳಿಸಿದ್ರಿ?" ಅವನಿಗೆ ನೆನಪಿರ್ತಿರಲಿಲ್ಲ. ಹುಟ್ಟುಹಬ್ಬದ ದಿನ ಷಡ್ಡಕ ಬೀಳಿಸಿದ್ದು ಮಾತ್ರ ಬಾಯಿಪಾಠ.

ಗುರುಗಳು ನಿಲ್ಲಿಸಿ, "ಕೇಳಿಸ್ಕೊಳ್ತಿದೀಯಾ?" ಅಂದರು.

"ಹೂಂ ಗುರುಗಳೇ," ಅಂದ ಪಂಚಾಕ್ಷರಿ. "ಹೊಟ್ಟೆಕಿಚ್ಚು ಕೆಟ್ಟದ್ದು."

"ಇನ್ನೂ ಮುಗಿದಿಲ್ಲ," ಅಂದರು ಗುರುಗಳು.

ದೀಪಾವಳಿ ಬಂತು. ಎಣ್ಣೆ ಸ್ನಾನ, ಹೊಸ ಪಂಚೆ, ಹೋಳಿಗೆ. ಊಟವಾದ ಮೇಲೆ ಮನೆಮಂದಿಯೆಲ್ಲ ಮಾಲ್‌ಗೆ ಹೊರಟರು. ಮಾವ ಹಳೇ ಅಭ್ಯಾಸದಂತೆ ಟೇಪು ಜೇಬಿಗೆ ಹಾಕಿಕೊಂಡ. ಇಬ್ಬರು ಅಳಿಯಂದಿರಿಗೆ ಅಕ್ಕಪಕ್ಕದ ಎರಡು ಲೇನು. ಮೇಲೆ ಪರದೆ, ಅದರ ಮೇಲೆ ಯಾರ ಲೇನಿನಲ್ಲಿ ಎಷ್ಟು ಗೂಟ ಬಿತ್ತು ಅಂತ ಯಂತ್ರವೇ ಬರೆಯುತ್ತೆ.

ವ್ಯಾಪಾರಿ ಚೆನ್ನಾಗಿ ಆಡಿದ. ಮೊಣಕೈ ಪುಸ್ತಕದಲ್ಲಿದ್ದ ಹಾಗೆ, ಭುಜ ಪುಸ್ತಕದಲ್ಲಿದ್ದ ಹಾಗೆ. ಮಾವ ಎರಡು ಸಲ ತಲೆದೂಗಿದ. ಷಡ್ಡಕನ ಆಟ ಅವತ್ತು ಅಷ್ಟಕ್ಕಷ್ಟೇ. ಒಂದು ಚೆಂಡು ಚರಂಡಿಗೂ ಹೋಯಿತು. ಅದು ಹೋದಾಗ ಷಡ್ಡಕನ ಮುಖ ಸ್ವಲ್ಪ ಅರಳಿತು. ವ್ಯಾಪಾರಿ ಅದನ್ನ ನೋಡಿದ. ಸೋಲುವಾಗ ನಗೋನು ಏನೋ ಮುಚ್ಚಿಟ್ಟಿರ್ತಾನೆ ಅಂದುಕೊಂಡ.

ಕೊನೇ ಸುತ್ತು. ಇಬ್ಬರಿಗೂ ಉಳಿದಿದ್ದು ಒಂದೊಂದು ಚೆಂಡು. ವ್ಯಾಪಾರಿ ಮುಂದಿದ್ದ. ಒಂದೆರಡು ಗೂಟ ಬಿದ್ದರೂ ಸಾಕು, ತೂಗುಮಂಚ ಅವನದು. ಷಡ್ಡಕ ಗೆಲ್ಲಬೇಕಾದರೆ ಇವನು ಪೂರ್ತಿ ತಪ್ಪಬೇಕು, ಅವನು ಹತ್ತೂ ಬೀಳಿಸಬೇಕು.

"ಅಣ್ಣ, ನೀವು ಮೊದಲು," ಅಂದ ಷಡ್ಡಕ.

ಮರ್ಯಾದೆಗೆ ಅಂದ ಮಾತು. ವ್ಯಾಪಾರಿ ಅದನ್ನ ತಿರುಗಿಸಿ ಮುರುಗಿಸಿ ನೋಡಿದ. ನನ್ನ ಚೆಂಡು ನೋಡಿಕೊಂಡು ಆಮೇಲೆ ಹೊಡೆಯೋ ಉಪಾಯ ಅಂದುಕೊಂಡ. ಚೆಂಡು ಎತ್ತಿಕೊಂಡ. ಹೆಜ್ಜೆ ಹಾಕಿದ. ಹಾಕ್ತಾ ಹಾಕ್ತಾ ಪಕ್ಕದ ಲೇನಿನ ತುದಿಯಲ್ಲಿ ಬೆಳ್ಳಗೆ ನಿಂತಿದ್ದ ಷಡ್ಡಕನ ಹತ್ತು ಗೂಟ ಕಂಡವು. ಇವು ಬೀಳಬಾರದು, ಒಂದೂ ಬೀಳಬಾರದು ಅಂತ ಅವುಗಳನ್ನೇ ನೋಡಿದ. ಕೊನೇ ಹೆಜ್ಜೆ ಜಾರಿಸಿದ. ಕೈ ಬಿಟ್ಟ.

ಅವನ ಜೀವನದಲ್ಲೇ ಅಷ್ಟು ಒಳ್ಳೇ ಚೆಂಡು ಹೊರಟಿರಲಿಲ್ಲ. ನೆಲದಿಂದ ಒಂಚೂರು ಎದ್ದು, ನಡುವಿನ ಚರಂಡಿಯನ್ನ ಮುಟ್ಟದೇ ದಾಟಿ, ಪಕ್ಕದ ಲೇನಿಗೆ ಮೆಲ್ಲಗೆ ಇಳಿದು, ಅಲ್ಲಿಂದ ಗೆರೆ ಎಳೆದ ಹಾಗೆ ಹೋಯಿತು. ಹತ್ತಕ್ಕೆ ಹತ್ತೂ ಬಿದ್ದವು.

ಪರದೆ ಮೇಲೆ ದೀಪ ಹೊತ್ತಿ ಕುಣಿದವು. ಕೆಳಗೆ ಷಡ್ಡಕನ ಹೆಸರು.

ಷಡ್ಡಕನ ಕೈಯಲ್ಲಿ ಅವನ ಚೆಂಡು ಇನ್ನೂ ಹಾಗೇ ಇತ್ತು.

"ಮಾವ, ಅದು ಅಣ್ಣನ ಚೆಂಡು," ಅಂದ ಅವನು. "ಲೆಕ್ಕಕ್ಕೆ ತಗೋಬೇಡಿ. ನಾನಿನ್ನೂ ಆಡೇ ಇಲ್ಲ."

ಮಾವ ಎದ್ದು ಬಂದ. ಎರಡೂ ಲೇನು ನೋಡಿದ, ನಡುವಿನ ಚರಂಡಿ ನೋಡಿದ. ನೌಕರಿಯಲ್ಲಿದ್ದಾಗಿನ ದನಿ ಬಂತು.

"ಬಿತ್ತಿದ್ದು ಯಾರು ಅಂತ ಕೇಳೋ ಹಾಗಿಲ್ಲ. ಫಸಲು ಯಾವ ಸರ್ವೆ ನಂಬರಿನಲ್ಲಿ ಬಂದಿದೆಯೋ ಆ ಖಾತೆದಾರನಿಗೇ ಸೇರಬೇಕು. ಮಿಕ್ಕಿದ್ದಕ್ಕೆ ಒತ್ತುವರಿ ಅಂತಾರೆ." ಆಮೇಲೆ ವ್ಯಾಪಾರಿಯ ಬೆನ್ನು ತಟ್ಟಿದ. "ಆದ್ರೂ ಗೆರೆ ಮಾತ್ರ ನೇರ ಇತ್ತು ಕಣಪ್ಪ."

ಅಷ್ಟರಲ್ಲಿ ಅತ್ತೆ ತಿಂಡಿ ಕೌಂಟರಿನಿಂದ ಉಪ್ಪಿನ ಪೊಟ್ಟಣ ತಂದಳು. ಕಿರಿ ಅಳಿಯನ ಸುತ್ತ ನಿವಾಳಿಸಿ ದೃಷ್ಟಿ ತೆಗೆದಳು. "ಯಾರದೋ ಕಣ್ಣು ಬಿದ್ದಿದೆ ಇವನ ಮೇಲೆ. ಇಲ್ಲಾಂದ್ರೆ ಚೆಂಡು ಯಾಕೆ ಈ ಕಡೆ ಬರುತ್ತೆ?" ಅಂದಳು. ಆ ಉಪ್ಪನ್ನ ಹೊರಗೆ ಬಿಸಾಡಿ ಬರೋಕೆ ಕೊಟ್ಟಿದ್ದು ಹಿರಿ ಅಳಿಯನ ಕೈಗೆ. ಬೇರೆ ಯಾರ ಕೈಯೂ ಖಾಲಿ ಇರಲಿಲ್ಲ. ಅವನು ಬಿಸಾಡಿ ಬಂದ.

ಸಂಜೆ ಮನೆಯಲ್ಲಿ ಷಡ್ಡಕ ತೂಗುಮಂಚದ ಮೇಲೆ. ಮಾವ ಖುಷಿಯಲ್ಲಿ ಜೋರಾಗಿ ತೂಗ್ತಿದ್ದ. ವ್ಯಾಪಾರಿ ಗಿಡ್ಡ ಕಾಲಿನ ಕುರ್ಚಿಯಲ್ಲಿ ಕೂತು, ಬೇರೆ ಏನೂ ನೋಡೋಕೆ ಉಳಿದಿರಲಿಲ್ಲವಾದ್ದರಿಂದ, ಮೊದಲ ಸಲ ಷಡ್ಡಕನ ಮುಖ ನೋಡಿದ. ಅವನು ಎರಡೂ ಕೈಯಲ್ಲಿ ಸರಪಳಿ ಹಿಡಿದು ಕಣ್ಣು ಮುಚ್ಚಿದ್ದ. ತುಟಿ ಬಿಳಚಿಕೊಂಡಿತ್ತು. ಕಾಫಿ ಮುಟ್ಟಿರಲಿಲ್ಲ.

ಮಾವ ಒಳಗೆ ಎದ್ದು ಹೋದ ತಕ್ಷಣ ಷಡ್ಡಕ ಇಳಿದು ಬಂದು ಗೋಡೆ ಹಿಡಿದುಕೊಂಡ.

"ಅಣ್ಣ, ನಿಮ್ಮ ಹತ್ತಿರ ಹೇಳ್ತೀನಿ, ಯಾರಿಗೂ ಹೇಳಬೇಡಿ. ನನಗೆ ತೂಗುಮಂಚದಲ್ಲಿ ಕೂತ್ರೆ ತಲೆ ಸುತ್ತುತ್ತೆ. ಹುಟ್ಟುಹಬ್ಬದ ದಿನ ಮನೆಗೆ ಹೋಗಿ ವಾಂತಿ ಮಾಡ್ಕೊಂಡೆ. ಮಾವನಿಗೆ ಬೇಡ ಅನ್ನೋಕೆ ಸಂಕೋಚ. ಈ ಸಲ ನೀವೇ ಗೆಲ್ಲಬೇಕು ಅಂತ ಹರಕೆ ಬೇರೆ ಹೊತ್ತಿದ್ದೆ."

"ಹರಕೆ?"

"ಹೂಂ. ನೀವು ಮುಂದಿದ್ರಿ, ನಾನು ನೆಮ್ಮದಿಯಾಗಿದ್ದೆ. ಅದ್ಯಾಕಣ್ಣ ಚೆಂಡು ಆ ಕಡೆ ಬಂತು?"

ವ್ಯಾಪಾರಿ ಅಡುಗೆಮನೆಗೆ ಹೋಗಿ ಒಂದು ನಿಂಬೆಹಣ್ಣು ತಂದು ಷಡ್ಡಕನ ಕೈಗೆ ಕೊಟ್ಟ. ಮೂಸಿ ನೋಡು, ತಲೆಸುತ್ತಿಗೆ ಒಳ್ಳೇದು ಅಂದ.

ಮಾರನೇ ದಿನ ಮೂರೂ ಪುಸ್ತಕ ಹೊತ್ತುಕೊಂಡು ಇಲ್ಲಿಗೆ ಬಂದ. ಇದೇ ಜಾಗದಲ್ಲಿ ಕೂತ. ನಡೆದಿದ್ದೆಲ್ಲ ಹೇಳಿದ. "ಗುರುಗಳೇ, ಪುಸ್ತಕದಲ್ಲಿರೋದೆಲ್ಲ ಸುಳ್ಳು. ಮಠದಲ್ಲೇ ಇಟ್ಕೊಳ್ಳಿ," ಅಂದ. ನಾನು ಮೂರನೇ ಪುಸ್ತಕ ತೆರೆದು, ಕೆಂಪು ಗೆರೆ ಎಳೆದ ಜಾಗ ತೋರಿಸಿ, ಇಲ್ಲಿ ಏನು ಬರೆದಿದೆ ಅಂತ ಕೇಳಿದೆ. ಅವನು ಮಗಳು ಹೇಳಿಕೊಟ್ಟಿದ್ದನ್ನ ಹೇಳಿದ. ಎಲ್ಲಿ ಕಣ್ಣು ಹಾಕ್ತೀಯೋ, ಚೆಂಡು ಅಲ್ಲಿಗೇ ಹೋಗುತ್ತೆ. ಹೇಳಿ ಮುಗಿಸಿದವನು ಬಾಯಿ ಮುಚ್ಚಲಿಲ್ಲ. ಆಮೇಲೆ ಎದ್ದು, ಪುಸ್ತಕ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದ.

ಗುರುಗಳು ಕತೆ ನಿಲ್ಲಿಸಿದರು. ಅಂಗಳದಲ್ಲಿ ಮುರಿಗೆಪ್ಪನ ಹಾಡು ಮುಗಿದಿತ್ತು. ಪಂಚೆ ಕೊಡವೋ ಸದ್ದು ಮಾತ್ರ ಬರ್ತಿತ್ತು.

"ಅರ್ಥ ಆಯ್ತು ಗುರುಗಳೇ," ಅಂದ ಪಂಚಾಕ್ಷರಿ. "ಪುಸ್ತಕದ ತಪ್ಪಲ್ಲ. ಅವನ ಕಣ್ಣು ಅವನ ಲೇನಿನ ಮೇಲೆ ಇರಬೇಕಿತ್ತು. ಆ ಸಾಲು ನಾನೂ ಓದಿದೀನಿ, ಬಾಯಿಪಾಠ ಇದೆ."

"ಭೇಷ್," ಅಂದರು ಗುರುಗಳು. "ಅಂದ ಹಾಗೆ, ಮುರಿಗೆಪ್ಪ ಇಷ್ಟೊತ್ತಿಗೆ ಎಷ್ಟು ಪಂಚೆ ಒಣಹಾಕಿದ?"

ಪಂಚಾಕ್ಷರಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಕಿಟಕಿಯಿಂದ ಕಣ್ಣು ತೆಗೆದು ನೆಲ ನೋಡಿದ.